ನೀರಿನ ಮೇಲೆ ದಾರ

ಹಗ್ಗ ಸಡಿಲಾಗಿ ನೀರಿಗೆ ಬಿತ್ತು, ಬಿಳಿ ಹಗ್ಗ, ದೋಣಿಯವನಿಗೆ ಅದನ್ನು ಎಳೆದುಕೊಳ್ಳುವ ಅವಸರವೇನೂ ಇಲ್ಲ, ಅದು ಹಸಿರು ನೀರಿನ ಮೇಲೆ ಹಗುರಾಗಿ ಹರಡಿಕೊಂಡು ಒಮ್ಮೆ ಅತ್ತ ಒಮ್ಮೆ ಇತ್ತ ಹೊರಳುತ್ತಿದೆ, ಹೀಗೇ, ಅವತ್ತೂ ಹೀಗೇ ಇತ್ತು — ಭುವನೇಶ್ವರಿ ಮುಖ ತಿರುಗಿಸಿದಳು. ತಿರುಗಿಸಿದರೆ ಆ ಕಡೆಯೂ ನೀರೇ. ಮರೀನಾ ಸೌತ್ ಪಿಯರ್ ಹಿಂದಕ್ಕೆ ಸರಿಯಿತು, ಎತ್ತರದ ಕಟ್ಟಡಗಳೆಲ್ಲ ಒಟ್ಟಿಗೆ ಕುಳ್ಳಗಾದವು, ಪಕ್ಕದಲ್ಲಿ ಅತ್ತೆ ನಿಂಗವ್ವ ಇಳಕಲ್ ಸೀರೆಯ ಸೆರಗನ್ನು ಎರಡು ಸುತ್ತು ಬಿಗಿದು ಬೆಂಚಿನ ಅಂಚು ಹಿಡಿದು ಕೂತಿದ್ದಾರೆ, ಅರವತ್ತೊಂಬತ್ತನೆಯ ವರ್ಷಕ್ಕೆ ಮೊದಲ ಸಲ ಸಮುದ್ರ, ಗಜೇಂದ್ರಗಡದಲ್ಲಿ ಹಳ್ಳ ಬಿಟ್ಟರೆ ಬಾವಿ, ಬಾವಿ ಬಿಟ್ಟರೆ ವಾರಕ್ಕೊಮ್ಮೆ ಬರುವ ನಳ. ಇಷ್ಟ್ ನೀರು ಯಾರ ಸಲುವಾಗಿ ಇಟ್ಟಾನವ್ವಾ ಶಿವಾ, ಅಂದರು ನಿಂಗವ್ವ. ಕುಡಿಯಾಕ ಬರಂಗಿಲ್ರಿ ಅತ್ತಿ, ಉಪ್ಪ ಐತಿ, ಅಂದಳು ಇವಳು. ಉಪ್ಪಿದ್ರ ಏನಾತು, ನೀರು ನೀರ ಹೌದಿಲ್ಲೋ. ಎದುರಿನ ಬೆಂಚಿನಲ್ಲಿ ಗಂಡ ಸೂರಜ ಮೊಬೈಲಿನಲ್ಲಿ ತಾಯಿಯ ಫೋಟೊ ಹಿಡಿಯುತ್ತಿದ್ದಾನೆ, ಎಂಟು ವರ್ಷದ ಮಗಳು, ಇಂದು ಅವಳ ಹೆಸರು, ಅಜ್ಜಿಯ ಮೊಣಕಾಲು ತಟ್ಟಿ, ಅಜ್ಜಿ ಡೋಂಟ್ ಸ್ಕೇರ್ಡ್ ಲಾ, ದಿಸ್ ಬೋಟ್ ವೋಂಟ್ ಸಿಂಕ್ ಒನ್, ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ಧೈರ್ಯ ತುಂಬುತ್ತಿದ್ದಾಳೆ, ಅಜ್ಜಿಗೆ ತಿಳಿದದ್ದು ಬೋಟು ಎಂಬ ಒಂದೇ ಮಾತು, ಆದರೂ ಹೂಂನವ್ವಾ ಹೂಂ ಎಂದು ತಲೆಯಾಡಿಸುತ್ತಾರೆ. ಎಲ್ಲರೂ ಸಂತೋಷವಾಗಿದ್ದಾರೆ. ಯಾಕಿರಬಾರದು, ಶನಿವಾರ, ಬಿಸಿಲು ಹದವಾಗಿದೆ, ಲಾಜರಸ್ ದ್ವೀಪದ ದಂಡೆಯಷ್ಟು ಚೆಂದದ ದಂಡೆ ಇಡೀ ಸಿಂಗಪುರದಲ್ಲಿ ಇಲ್ಲ ಎಂದು ಸೂರಜನೇ ಹುಡುಕಿ ತೆಗೆದದ್ದು, ಸೆಂಟೋಸಾ ಬ್ಯಾಡ, ಅಲ್ಲಿ ರಶ್ ಇರ್ತದ, ಇಲ್ಲಿ ಕ್ವೈಟ್ ಐತಿ, ಮಂಗಳವಾರ ನಿಂದು ಸರ್ಜರಿ, ಅದಕ್ಕ ಮೊದ್ಲ ಸ್ವಲ್ಪ ರಿಲ್ಯಾಕ್ಸ್ ಆಗು, ಅಂದಿದ್ದ. ಈಸ್ಟ್ ಕೋಸ್ಟ್ ಇತ್ತು, ಪಾಸಿರ್ ರಿಸ್ ಇತ್ತು, ಇವನಿಗೆ ಇದೇ ದ್ವೀಪ ಬೇಕಾಯಿತು, ಬೇಡ ಅನ್ನಲು ಇವಳ ಬಾಯಿ ತೆರೆಯಿತು, ಯಾಕೆ ಎಂದು ಕೇಳಿದರೆ ಏನು ಹೇಳುವುದು ಎಂದು ಮುಚ್ಚಿಕೊಂಡಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಕೈ ತಾನೇ ಕೊರಳಿಗೆ ಹೋಯಿತು. ಅಲ್ಲಿರುವುದು ಎರಡು ವಸ್ತು, ಒಂದು ಚರ್ಮದ ಒಳಗೆ, ಒಂದು ಹೊರಗೆ. ಒಳಗಿನದು ಥೈರಾಯ್ಡ್ ಗಂಟು, ಗೋಲಿಯಷ್ಟು ಇದೆ, ಸೂಜಿ ಚುಚ್ಚಿ ತೆಗೆದು ನೋಡಿದರೂ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗದೆ ಡಾಕ್ಟರು, ವಿ ಟೇಕ್ ಔಟ್ ಹಾಫ್, ದೆನ್ ವಿ ನೋ, ಎಂದು ಪಪ್ಪಾಯಿ ಹೋಳು ಮಾಡುವಷ್ಟು ಸಲೀಸಾಗಿ ಹೇಳಿದ್ದರು. ಹೊರಗಿನದು ಬಿಳಿಯ ಶಿವದಾರ, ಅದರ ತುದಿಗೆ, ಟೀ ಶರ್ಟಿನ ಒಳಗೆ, ಎದೆಯ ನಡುವೆ ಬೆಳ್ಳಿಯ ಕರಡಿಗೆ. ಕರಡಿಗೆಯೊಳಗೆ ಇಷ್ಟಲಿಂಗ ಇರಬೇಕು. ಇರಬೇಕು. ತೊಟ್ಟಿಲಲ್ಲಿದ್ದಾಗ ಅಯ್ಯನವರು ಕಟ್ಟಿದ್ದು, ಮದುವೆಗೆ ಮೊದಲು ದೀಕ್ಷೆ ಕೊಟ್ಟು ಅಂಗೈಯಲ್ಲಿ ಇಟ್ಟದ್ದು, ಉಸಿರಿರುವ ತನಕ ಮೈಬಿಟ್ಟು ಅಗಲಬಾರದ್ದು. ಅದರ ಜಾಗದಲ್ಲಿ ಎರಡು ವರ್ಷದಿಂದ ಒಂದು ಕಲ್ಲಿದೆ, ಕರಿಯ ಉರುಟು ಕಲ್ಲು, ಈ ದೋಣಿ ಹೋಗುತ್ತಿರುವ ಅದೇ ದಂಡೆಯ ತುದಿಯ ಬಂಡೆಗಳ ನಡುವೆ ಹೆಕ್ಕಿದ್ದು, ಅದು ಅವಳೊಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಆಸ್ಪತ್ರೆಯ ಕಾಗದ ಬರುವವರೆಗೆ ಗೊತ್ತಾಗುವ ಭಯವೂ ಇರಲಿಲ್ಲ. ಕಾಗದದಲ್ಲಿ ಬರೆದಿತ್ತು, ಒಡವೆ, ಉಗುರಿನ ಬಣ್ಣ, ಕೊರಳ ದಾರ, ಯಾವುದೂ ಮೈಮೇಲೆ ಇರಕೂಡದು. ಸೂರಜ ಅದನ್ನು ತಾಯಿಗೆ ಓದಿ ಹೇಳಿದ, ಹೇಳದಿದ್ದರೆ ಇವನ ಗಂಟೇನು ಹೋಗುತ್ತಿತ್ತು, ನಿಂಗವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ, ಅದಕ್ಯಾಕ ಚಿಂತಿ, ಸೋಮಾರ ಸಂಜಿಕೆ ನನ್ನ ಕೊರಳಾಗ ಕಟ್ಟಿಬಿಡು, ನನ್ನ ಲಿಂಗದ ಕೂಡ ನಿಂದೂ ಇರ್ತೈತಿ, ನೀ ಎದ್ದು ಕುಂಡ್ರೂತನಕ ಇಬ್ಬರದೂ ಪೂಜಿ ನಾನ ಮಾಡ್ತೀನಿ, ಅಂದರು. ಕೂಸನ್ನು ಕೊಡು, ಸ್ವಲ್ಪ ಹೊತ್ತು ಎತ್ತಿಕೊಳ್ಳುತ್ತೇನೆ ಅನ್ನುವ ಹಾಗೆ ಅಂದರು. ಪೂಜೆಯೆಂದರೆ ಕರಡಿಗೆ ತೆಗೆಯಬೇಕು. ತೆಗೆದರೆ ಕಲ್ಲು. ಅರವತ್ತು ವರ್ಷ ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸಿದ ಕಣ್ಣಿಗೆ, ಲಿಂಗಕ್ಕೆ ಲೇಪಿಸಿದ ಕರಿ ಕಂತಿಯ ಹೊಳಪು ಯಾವುದು, ದಂಡೆಯ ಕಲ್ಲಿನ ಹೊಳಪು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸೋಮವಾರ ಸಂಜೆ ಇನ್ನೂ ದೂರವಿತ್ತು, ಅಷ್ಟರಲ್ಲಿ ಏನೋ ಒಂದು ಹೊಳೆದೀತು ಎಂದುಕೊಂಡಿದ್ದಳು, ಇವತ್ತು ನಸುಕಿನಲ್ಲಿ ಬುಕಿತ್ ಪಂಜಾಂಗಿನ ಮನೆಯಿಂದ ಹೊರಡುವಾಗ ಅದೂ ಕೈತಪ್ಪಿತು, ಸ್ನಾನ ಮುಗಿಸಿ ಬಂದ ನಿಂಗವ್ವ, ಹೊತ್ತಾಕ್ಕೈತಿ, ಪೂಜಿ ಅಲ್ಲೇ ದಂಡಿ ಮ್ಯಾಲ ಮಾಡೂಣು, ನೀನೂ ಇನ್ನಾ ಮಾಡಿಲ್ಲ, ಇಬ್ಬರೂ ಕೂಡೇ ಕುಂಡ್ರೂಣಂತ, ಅಲ್ಲೀತನಕ ನೀರು ಕುಡಿಯೂದ ಬ್ಯಾಡ, ಅಂದರು. ಅವರು ಊರಿಂದ ಬಂದು ಮೂರು ವಾರವಾಯಿತು, ಇವಳು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಪೂಜೆ ಮುಗಿಸಿ ಬರುತ್ತಿದ್ದಳು, ಆಫೀಸಿನ ಅವಸರ ಎಂದರೆ ನಂಬುತ್ತಿದ್ದರು. ಸಮುದ್ರದ ದಂಡೆಗೆ ಬಾಗಿಲು ಎಲ್ಲಿಂದ ತರುವುದು.

ಸೇಂಟ್ ಜಾನ್ಸ್ ದ್ವೀಪದಲ್ಲಿ ಇಳಿದು ಅಲ್ಲಿಂದ ನಡಿಗೆ, ಎರಡು ದ್ವೀಪ ಸೇರಿಸುವ ಕಟ್ಟೆಯಂಥ ದಾರಿ, ಬೆಕ್ಕೊಂದು ನೆರಳಲ್ಲಿ ಬಿದ್ದುಕೊಂಡಿದೆ, ಇಂದು ಅದರ ಹಿಂದೆ ಹೋದಳು, ಸೂರಜ ರೊಟ್ಟಿಬುತ್ತಿಯ ಚೀಲ ಹೊತ್ತು ಮುಂದೆ, ನಿಂಗವ್ವ ಚಪ್ಪಲಿ ಕೈಯಲ್ಲಿ ಹಿಡಿದು ನಡುವೆ, ಇವಳು ಹಿಂದೆ. ದೂರದಲ್ಲಿ ಹಡಗುಗಳು ಸಾಲಾಗಿ ನಿಂತಿವೆ, ಒಂದೆರಡರ ಹೆಸರು ಇಲ್ಲಿಂದಲೇ ಹೇಳಬಲ್ಲಳು, ಪಾಸಿರ್ ಪಂಜಾಂಗಿನ ಆಫೀಸಿನಲ್ಲಿ ಕೂತು ಯಾವ ಕಂಟೇನರು ಯಾವ ಹಡಗಿನ ಯಾವ ಅಂತಸ್ತಿಗೆ ಎಂದು ಜೋಡಿಸುವುದೇ ಅವಳ ಕೆಲಸ, ಭಾರದ್ದು ಕೆಳಗೆ, ಹಗುರದ್ದು ಮೇಲೆ, ಒಳಗೆ ಏನಿದೆ ಎಂದು ಕಾಗದದಲ್ಲಿ ಬರೆದದ್ದನ್ನು ನಂಬುವುದು, ಹನ್ನೊಂದು ವರ್ಷದಲ್ಲಿ ಒಂದರ ಬಾಗಿಲನ್ನೂ ತೆಗೆಸಿ ನೋಡಿಲ್ಲ, ತೂಕ ತಾಳೆಯಾದರೆ ಸಾಕು. ತೂಕ ತಾಳೆಯಾದರೆ ಸಾಕು ಎಂದೇ ಅವತ್ತು ಆ ಕಲ್ಲನ್ನು ಹೆಕ್ಕಿದ್ದು. ಆಫೀಸಿನ ಹೆಂಗಸರೆಲ್ಲ ಸೇರಿ ಬಂದಿದ್ದರು, ಎರಡು ಸಾವಿರದ ಹದಿನಾಲ್ಕು, ಆಗಸ್ಟು, ಎಲ್ಲರೂ ನೀರಿಗೆ ಇಳಿದಾಗ ಇವಳು ಚೂಡಿದಾರದಲ್ಲಿ ದಂಡೆಯ ಮೇಲೆ, ಮೈಸೂರಿನ ಹಂಸಾ ತನ್ನ ಇನ್ನೊಂದು ಈಜುಡುಗೆ ಎಸೆದು, ಹಾಕ್ಕೊಂಡು ಬಾರೇ, ಯಾರ್ ನೋಡ್ತಾರೆ ಇಲ್ಲಿ, ಅಂದಳು. ಹಾಕಿಕೊಂಡಳು. ಮೂವತ್ತಾರು ವರ್ಷಕ್ಕೆ ಮೊದಲ ಸಲ ಮೊಣಕಾಲಿಗೆ, ಬೆನ್ನಿಗೆ ಬಿಸಿಲು ತಾಗಿತು, ನಾಚಿಕೆಯಾಯಿತು, ನಾಚಿಕೆಗಿಂತ ಖುಷಿ ಹೆಚ್ಚಾಯಿತು, ಅದನ್ನು ಸುಳ್ಳು ಹೇಳುವುದೇಕೆ. ಕೊರಳಲ್ಲಿ ಬಿಳಿ ದಾರ, ಎದೆಯ ಮೇಲೆ ಬೆಳ್ಳಿಯ ಗಂಟು, ಎಲ್ಲರ ಕಣ್ಣಿಗೂ ಬೀಳುವ ಹಾಗೆ. ಏನೇ ಇದು, ತೆಗ್ದು ನನ್ನ ಬ್ಯಾಗಲ್ಲಿಡು, ಸೇಫಾಗಿರತ್ತೆ, ಅಂದಳು ಹಂಸಾ. ಇಲ್ಲ ಕಣೇ, ಇದನ್ನ ಮೈಯಿಂದ ತೆಗೆಯೋ ಹಾಗಿಲ್ಲ, ಎಂದು ಇವಳು ದಾರವನ್ನು ಕೊರಳಿಂದ ತೆಗೆದು ಮಣಿಕಟ್ಟಿಗೆ ನಾಲ್ಕು ಸುತ್ತು ಸುತ್ತಿ ಕರಡಿಗೆಯನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು, ಮೈಮೇಲೂ ಇದ್ದಂತಾಯಿತು, ಕಣ್ಣಿಗೂ ಬೀಳದಂತಾಯಿತು, ಎಷ್ಟು ಜಾಣೆ. ಹಂಸಾಳ ಚೀಲದಲ್ಲಿ ಇಟ್ಟಿದ್ದರೆ ಇವತ್ತಿಗೂ ಇರುತ್ತಿತ್ತು. ಮೈಯಿಂದ ಅಗಲಬಾರದು ಎಂದು ಹಿಡಿದುಕೊಂಡದ್ದಕ್ಕೇ ಹೋಯಿತು, ಇದನ್ನು ಯಾರಿಗೆ ಹೇಳುವುದು, ಹೇಳಿದರೆ ಯಾರು ನಂಬುತ್ತಾರೆ.

ನೀರು ಎದೆಮಟ್ಟ. ಮುಷ್ಟಿ ಬಿಗಿಹಿಡಿದು ಈಜು ಕಲಿಯಲು ಬರುತ್ತದೆಯೇ, ಕೈ ಬಿಚ್ಚೇ, ಬೆರಳು ಸೇರಿಸಿ ನೀರು ತಳ್ಳು, ಎಂದು ಹಂಸಾ ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿದಳು, ಮೈ ಹಗುರಾಯಿತು, ತೇಲಿತು, ನಿಜವಾಗಿ ತೇಲಿತು, ಎಂಟೋ ಹತ್ತೋ ಉಸಿರು, ಅಷ್ಟು ಹೊತ್ತು ಅವಳು ಯಾರ ಸೊಸೆಯೂ ಅಲ್ಲ ಯಾರ ತಾಯಿಯೂ ಅಲ್ಲ, ನಗುತ್ತಿದ್ದಳು, ಉಪ್ಪುನೀರು ಬಾಯಿಗೆ ಹೋದರೂ ನಗುತ್ತಿದ್ದಳು — ಕಣ್ಣು ಬಿಟ್ಟಾಗ ಪಕ್ಕದಲ್ಲಿ ನೀರಿನ ಮೇಲೆ ಬಿಳಿ ದಾರ. ಒಮ್ಮೆ ಅತ್ತ ಒಮ್ಮೆ ಇತ್ತ. ಒಂದು ತುದಿ ಇನ್ನೂ ಬೆರಳಿಗೆ ಸಿಕ್ಕಿಕೊಂಡಿತ್ತು, ಸದ್ಯ, ಸಿಕ್ಕಿತಲ್ಲ ಎಂದು ಜಗ್ಗಿದಳು, ದಾರ ಬಂತು, ದಾರದ ಹಿಂದೆ ಕರಡಿಗೆ ಬಂತು, ಹಗುರ. ಆ ಕರಡಿಗೆಗಳಿಗೆ ಬೇರೆ ಚಿಲಕವಿರುವುದಿಲ್ಲ, ದಾರವೇ ಎರಡೂ ಬದಿಯ ಕಿವಿಯಂಥ ಕೊಂಡಿಗಳಲ್ಲಿ ಹಾದು ಬಿಗಿಯಾಗಿ ಜಗ್ಗಿ ನಿಂತಿದ್ದರೆ ಮುಚ್ಚಳವೂ ಬಿಗಿ, ದಾರ ಸಡಿಲಾದರೆ ಮುಚ್ಚಳವೂ ಸಡಿಲು, ಕೊರಳಲ್ಲಿ ತೂಗುವುದಕ್ಕೆಂದು ಮಾಡಿದ್ದು, ನೀರಲ್ಲಿ ಆಡುವುದಕ್ಕಲ್ಲ. ಮುಚ್ಚಳ ಬಾಯಿಬಿಟ್ಟಿತ್ತು, ಒಳಗೆ ನೀರು. ಎಲ್ಲರೂ ಮುಳುಗಿ ಹುಡುಕಿದರು, ಚೀನೀ ಹುಡುಗಿಯೊಬ್ಬಳು ಈಜುವ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಹುಡುಕಿದಳು, ವಾಟ್ ಕಲರ್, ಹೌ ಬಿಗ್, ಬ್ಲ್ಯಾಕ್, ಸ್ಮಾಲ್, ಲೈಕ್ ದಿಸ್, ಈಸ್ ಇಟ್ ಎಕ್ಸ್‌ಪೆನ್ಸಿವ್. ಕೊನೆಗೆ ದೋಣಿಯ ಹೊತ್ತಾಯಿತು. ಬಂಡೆಗಳ ನಡುವೆ ಬಟ್ಟೆ ಬದಲಿಸುವಾಗ ಕಾಲಿಗೆ ಆ ಕಲ್ಲು ತಾಗಿತು, ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು, ಅಷ್ಟೇ ಭಾರ, ಕರಡಿಗೆಗೆ ಹಾಕಿದರೆ ಅಲ್ಲಾಡದೆ ಕೂತಿತು, ಕರಿ ಮೈಗೆ ಕೂದಲಿನಷ್ಟು ಸಣ್ಣ ಬಿಳಿ ಗೆರೆ. ಸಿಕ್ಕಿತಂತೆ ಎಂದು ಹಂಸಾ ಎಲ್ಲರಿಗೂ ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ಬೆಳಿಗ್ಗೆ ಸೂರಜ ನೋಡುತ್ತಾನೆಂದು ಕಲ್ಲನ್ನು ಅಂಗೈಯಲ್ಲಿಟ್ಟು ನೀರು ಹಾಕಿದಳು, ವಿಭೂತಿ ಹಚ್ಚಿದಳು, ಮೊದಲು ನಾಟಕ, ಆಮೇಲೆ ಅಭ್ಯಾಸ, ಆಮೇಲೆ ಏನೆಂದು ಹೇಳಲು ಅವಳಿಗೂ ತಿಳಿಯದು, ಸೂರಜ ಊರಲ್ಲಿಲ್ಲದ ದಿನವೂ, ಜ್ವರ ಬಂದ ದಿನವೂ ಹಾಕಿದಳು. ಒದ್ದೆಯಾದಾಗ ಅದೂ ಹೊಳೆಯುತ್ತದೆ. ಒಣಗಿದರೆ ಇಲ್ಲ.

ದಂಡೆ ಬಂತು, ಅರ್ಧ ಬಳೆಯ ಆಕಾರದ ದಂಡೆ, ಅದೇ ಮರಳು, ಅದೇ ತೆಂಗು, ತುದಿಯಲ್ಲಿ ಅದೇ ಬಂಡೆಗಳು, ಇಡೀ ದಂಡೆಗೆ ಇವರನ್ನು ಬಿಟ್ಟರೆ ದೂರದಲ್ಲಿ ಛತ್ರಿಯ ಕೆಳಗೆ ಮಲಗಿದ ಇಬ್ಬರು, ಸದ್ದೇ ಇಲ್ಲ. ಸೂರಜ ಚಾಪೆ ಹಾಸಿದ, ಮಗಳನ್ನು ಕರೆದುಕೊಂಡು ಮರಳಿನ ಮನೆ ಕಟ್ಟಲು ಅತ್ತ ಹೊರಟ, ಹೋಗುವ ಮೊದಲು ಇವಳ ಕೆನ್ನೆ ಮುಟ್ಟಿ, ಯಾಕ ಇಷ್ಟ್ ಸಪ್ಪಗ ಅದಿ, ಸಣ್ಣ ಆಪರೇಷನ್ ಲೇ, ಅಂದ. ಈಗ ಹೇಳಿಬಿಡಲೇ ಇವನಿಗೆ. ಹೇಳಿದರೆ ನಗುತ್ತಾನೆ. ಇವನ ಲಿಂಗ ಹಾಸ್ಟೆಲಿನ ದಿನದಿಂದ ದೇವರ ಕಪಾಟಿನ ಮೊಳೆಗೆ ತೂಗುತ್ತಿದೆ, ತಾಯಿ ಬಂದ ದಿನ ನೋಡಿ, ಪಾಪ, ಮೊಳಿಗೆ ದೀಕ್ಷಾ ಆಗೈತಿ, ಎಂದು ನಕ್ಕಿದ್ದರು, ಅಷ್ಟಕ್ಕೇ ಮುಗಿಯಿತು, ಗಂಡಸರ ದಾರ ಮೊಳೆಯಲ್ಲಿದ್ದರೂ ನಡೆಯುತ್ತದೆ. ಸೊಸೆಯದು ನಡೆಯುವುದಿಲ್ಲ ಎಂದು ಯಾರೂ ಅಂದಿಲ್ಲ, ಅನ್ನಬೇಕಾಗಿಲ್ಲ. ಲಿಂಗ ಕಳೆದುಕೊಂಡು ಮತ್ತೊಂದು ಕಟ್ಟಿಸಿಕೊಂಡವರು ಇಲ್ಲದಿಲ್ಲ, ಮಠಕ್ಕೆ ಹೋಗಿ ತಪ್ಪಾಯಿತು ಎಂದು ಕೈಮುಗಿದರೆ ಆಯಿತು, ಹೋದ ವರ್ಷ ಊರಿಗೆ ಹೋದಾಗ ಮಠದ ಬಾಗಿಲ ತನಕ ಹೋಗಿದ್ದಳು, ಹೇಗೆ ಹೋಯಿತವ್ವಾ ಎಂದು ಕೇಳಿದರೆ ಆ ಈಜುಡುಗೆಯಿಂದ ಮೊದಲುಮಾಡಿ ಹೇಳಬೇಕು, ತಿರುಗಿ ಬಂದಳು. ಮೊದಲ ದಿನ ಹೇಳಿದ್ದರೆ ಅದು ತಪ್ಪು, ಎರಡು ವರ್ಷ ಬಿಟ್ಟು ಹೇಳಿದರೆ ಅದು ಮೋಸ. ಆದರೆ ಭಯ ಅದಲ್ಲ. ಭಯ ಮಾವನವರ ಅಂಗೈ. ಮಾವ ನಾಗಲಿಂಗಪ್ಪನವರು ತೀರಿಕೊಂಡಾಗ ಹೂಳುವ ಕುಣಿಯಲ್ಲಿ ಕೂರಿಸಿ ಎಡಗೈಯಲ್ಲಿ ಅವರ ಲಿಂಗವಿಟ್ಟರು, ಬೆರಳು ಬಿಗಿದಿದ್ದವು, ನಿಂಗವ್ವ ಒಂದೊಂದನ್ನೇ ಬಿಡಿಸಿ, ಲಿಂಗವಿಟ್ಟು, ಒಂದೊಂದನ್ನೇ ಮಡಿಚಿದರು, ಅಳಲಿಲ್ಲ, ಬರೂವಾಗ ತಂದಿದ್ದು ಹೋಗೂವಾಗ ಕೈಯಾಗೈತಿ, ಇನ್ನೇನ ಬೇಕು ಮನಷ್ಯಾಗ, ಅಂದಿದ್ದರು. ಮಂಗಳವಾರ ಡಾಕ್ಟರ ಕೈ ಒಂದು ಕೂದಲೆಳೆಯಷ್ಟು ಆಚೀಚೆಯಾದರೆ, ಆಗುವುದಿಲ್ಲ ಎನ್ನುತ್ತಾರೆ, ಆದರೆ, ಆಗ ನಿಂಗವ್ವ ಇವಳ ಬೆರಳು ಬಿಡಿಸಿ ಏನಿಡುತ್ತಾರೆ. ಕಲ್ಲು. ಗೊತ್ತಿಲ್ಲದೆ ಇಟ್ಟರೆ ಮೋಸ ಮಣ್ಣಿನೊಳಗೂ ಜೊತೆಗೆ ಬಂತು, ಗೊತ್ತಾಗಿ ಇಡದಿದ್ದರೆ ಬರಿಗೈ.

ಬಾರವ್ವಾ ಭುವನಾ, ಗಂಟಲ ಒಣಗಾಕತ್ತೈತಿ, ಎಂದು ನಿಂಗವ್ವ ಕರೆದರು. ಚಾಪೆಯ ಮೇಲೆ ಗಂಟು ಬಿಚ್ಚಿದ್ದಾರೆ, ವಿಭೂತಿ ಗಟ್ಟಿ, ಸಣ್ಣ ತಾಮ್ರದ ತಂಬಿಗೆ, ಅದಕ್ಕೆ ಮನೆಯ ನಲ್ಲಿಯಿಂದ ಬಾಟಲಿಯಲ್ಲಿ ತಂದ ನೀರು, ಲಿಟಲ್ ಇಂಡಿಯಾದಲ್ಲಿ ಸಿಕ್ಕ ಬಾಡಿದ ಬಿಲ್ವಪತ್ರೆ. ಏನು ನೆಪ ಹೇಳುವುದು, ಸ್ನಾನವಾಗಿಲ್ಲ ಎನ್ನಲು ಆಗಿದೆ, ಮುಟ್ಟು ಎನ್ನೋಣವೆಂದರೆ ಲಿಂಗ ಕಟ್ಟಿದವರಿಗೆ ಆ ಸೂತಕವೂ ಇಲ್ಲ, ಹಂಸಾಳಿಗಾದರೆ ಆ ಒಂದು ಬಾಗಿಲಾದರೂ ತೆರೆದಿರುತ್ತಿತ್ತು, ತಮ್ಮ ಹಿರಿಯರು ಹೆಂಗಸರಿಗೆ 'ಮೈಲಿಗೆಯಿಲ್ಲ' ಎಂದು ಎಷ್ಟು ದೊಡ್ಡ ಉಪಕಾರ ಮಾಡಿದ್ದಾರೆ, ಅದೇ ಇವತ್ತು ಕುತ್ತಿಗೆಗೆ ಬಂತು. ಕೂತಳು. ನಿಂಗವ್ವ ತಮ್ಮ ಕರಡಿಗೆ ತೆಗೆದರು, ಮುಚ್ಚಳ ಸರಿಸಿದರು, ಎಡ ಅಂಗೈಯಲ್ಲಿ ಕರಿ ಲಿಂಗ, ಅದರ ನೆತ್ತಿಯ ಮೇಲೆ ಆಗಲೇ ಇಡೀ ಆಕಾಶ ಒಂದು ಚುಕ್ಕೆಯಾಗಿ ಹೊಳೆಯಿತು. ತಗಿಯವ್ವಾ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಕೈ ತಾನೇ ದಾರ ಎಳೆಯಿತು, ಮುಚ್ಚಳ ಸರಿಸಿತು, ಕಲ್ಲು ಅಂಗೈಗೆ ಬಿತ್ತು, ಬೆಳಗಿನಿಂದ ನೀರು ಕಾಣದ ಒಣ ಕಲ್ಲು, ಬೂದುಬಣ್ಣ, ಬಿಳಿ ಗೆರೆ ಎದ್ದು ಕಾಣುತ್ತಿದೆ. ನಿಂಗವ್ವ ನೋಡಿದರು. ನೋಡಿದ್ದನ್ನು ಇವಳು ನೋಡಿದಳು. ಅವರು ಕಣ್ಣನ್ನು ತಮ್ಮ ಅಂಗೈಗೆ ತಿರುಗಿಸಿ ಪೂಜೆ ಮುಂದುವರಿಸಿದರು, ನೀರು, ವಿಭೂತಿ, ಪತ್ರೆ, ಆಮೇಲೆ ಆ ದಿಟ್ಟಿ, ರೆಪ್ಪೆ ಮಿಟುಕದ ದಿಟ್ಟಿ, ದಿನವೂ ಎಷ್ಟು ಹೊತ್ತೋ ಅಷ್ಟೇ ಹೊತ್ತು, ಒಂದು ಉಸಿರು ಕಡಿಮೆಯಿಲ್ಲ. ಬೈಯಬಾರದೇ. ಅಳಬಾರದೇ. ಪೂಜೆ ಮುಗಿದ ಮೇಲೆ ಬೈಯುತ್ತಾರೆ, ಇನ್ನು ನಿನ್ನ ಕೈಯಿಂದ ನೀರು ಮುಟ್ಟುವುದಿಲ್ಲ ಅನ್ನುತ್ತಾರೆ, ನಾಳೆಯ ವಿಮಾನಕ್ಕೆ ಊರಿಗೆ ಕಳಿಸೋ ಎಂದು ಮಗನಿಗೆ ಹೇಳುತ್ತಾರೆ, ಮಂಗಳವಾರ ತಲೆಯ ಹತ್ತಿರ ಕೂರುವುದಿಲ್ಲ, ಕಣ್ಣು ಬಿಟ್ಟಾಗ ಅವರಿರುವುದಿಲ್ಲ, ತಾಯಿ ಸತ್ತ ಮೇಲೆ ಇವರೇ ಇದ್ದದ್ದು, ಇವರೂ ಇಲ್ಲ. ಅಂಗೈ ಬೆವತು ಕಲ್ಲಿನ ತಳ ಒದ್ದೆಯಾಯಿತು.

ನಿಂಗವ್ವ ತಮ್ಮ ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡರು. ಆಮೇಲೆ ಇವಳ ಅಂಗೈಯ ಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದರು. ಎಲ್ಲಿದವ್ವಾ ಇದು. ಇಲ್ಲೀದ ರಿ ಅತ್ತಿ, ಅಂದಳು, ಆಮೇಲೆ ತಡೆಯಲಾಗಲಿಲ್ಲ, ಒಂದೇ ಉಸಿರಿಗೆ ಎಲ್ಲವೂ ಬಂತು, ಈಜುಡುಗೆ, ಮಣಿಕಟ್ಟು, ಹಂಸಾಳ ಚೀಲ, ತೇಲಿದ್ದು, ನಕ್ಕದ್ದೂ ಬಂತು, ದಾರ, ಹಗುರಾದ ಕರಡಿಗೆ, ಚಪ್ಪಾಳೆ, ಮಠದ ಬಾಗಿಲು, ನಿಮಗ ಮೋಸ ಮಾಡೀನ್ರಿ ಅತ್ತಿ, ಎರಡ್ ವರ್ಸ ಮೋಸ ಮಾಡೀನಿ. ನಿಂಗವ್ವ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ದಿನಾ ನೀರ ಹಾಕೀಯೇನು ಇದಕ್ಕ, ಎಂದು ಕೇಳಿದರು. ಹಾಕೀನ್ರಿ, ಒಂದ್ ದಿನಾನೂ ಬಿಟ್ಟಿಲ್ಲ. ಖರೇನ. ಖರೇನ ರಿ. ಹಂಗಾರ ತಗೋ, ಕೈಯಾಗ ಹಿಡಕೋ, ನೆಲಕ್ಕ ಇಡಬ್ಯಾಡ, ಎಂದು ಕಲ್ಲನ್ನು ತಿರುಗಿ ಇವಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು, ಒಂದೊಂದಾಗಿ, ಮಾವನವರ ಬೆರಳು ಮಡಿಚಿದ ಹಾಗೆಯೇ. ಎಷ್ಟ್ ನೀರಾಗ ನಿಂತಿದ್ದಿ. ಎದಿಮಟ ರಿ. ಎಲ್ಲಿ, ತೋರಸು. ಆ ಬಂಡೆಯ ನೇರಕ್ಕೆ, ಅಲ್ಲಿ, ಆದರೆ ಎರಡು ವರ್ಷವಾಯಿತಲ್ಲ ಅತ್ತಿ, ಇದು ಸಮುದ್ರ, ದಿನಕ್ಕೆ ಎರಡು ಸಲ ಏರುತ್ತದೆ ಇಳಿಯುತ್ತದೆ, ಮರಳು ಒಂದು ಕಡೆ ನಿಲ್ಲುವುದಿಲ್ಲ, ಎಂದು ಏನೇನೋ ಹೇಳಿದಳು. ನಿಂಗವ್ವ ಎದ್ದು ನಿಂತರು, ಸೀರೆಯನ್ನು ಮೊಣಕಾಲ ಮೇಲೆತ್ತಿ ಕಚ್ಚೆ ಹಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕಲ್ಲು ಎಲ್ಲಿ ಹೊಕ್ಕೈತಿ ಯವ್ವಾ, ಅದಕ್ಕೇನ ಕಾಲ ಅದಾವೇನು, ಅಂದರು. ನನ್ನ ಮೂಗುತಿ ಹಳ್ಳದಾಗ ಬಿದ್ದಿತ್ತು, ನಿಮ್ಮ ಮಾವ ಹೋಗ್ಲಿ ಬಿಡು ಅಂದ್ರು, ನಾ ಬಿಡಲಿಲ್ಲ, ಮೂರ್ ವರ್ಸದ ಮ್ಯಾಲ ಬ್ಯಾಸಗ್ಯಾಗ ಅಲ್ಲೇ ಸಿಕ್ತು, ಬಿದ್ದಲ್ಲೇ. ಹೇಳಿ ಹೊರಟೇಬಿಟ್ಟರು, ನೀರಿನ ಕಡೆಗೆ, ಹಳ್ಳಕ್ಕೆ ಹೊರಟ ನಡಿಗೆಯಲ್ಲಿ.

ಬ್ಯಾಡ್ರಿ ಅತ್ತಿ ಎಂದು ಇವಳು ಹಿಂದೆಯೇ ಓಡಿದಳು, ಮುಷ್ಟಿಯಲ್ಲಿ ಕಲ್ಲು, ನೆಲಕ್ಕೆ ಇಡಬ್ಯಾಡ ಎಂದಿದ್ದಾರೆ, ಬೈಯಲಿಲ್ಲ, ಯಾಕೆ ಬೈಯಲಿಲ್ಲ, ಬೈದಿದ್ದರೆ ಅತ್ತುಬಿಡಬಹುದಿತ್ತು, ಈಗ ಎದೆಯೊಳಗೆ ಇದೇನು ಇಷ್ಟು ಭಾರ, ಹುಡುಕುತ್ತಾರಂತೆ, ಇಡೀ ಸಮುದ್ರದಲ್ಲಿ ಹೆಬ್ಬೆಟ್ಟಿನ ಗಾತ್ರದ ಲಿಂಗ ಹುಡುಕುತ್ತಾರಂತೆ, ಸಿಗುವುದಿಲ್ಲ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ. ಮೊಣಕಾಲು ನೀರು, ತೊಡೆ ನೀರು, ನಿಂಗವ್ವ ಹಿಂದೆ ನೋಡದೆ ಕಾಲಿನಿಂದ ಮರಳು ಸವರುತ್ತ ಸವರುತ್ತ ಹೋಗುತ್ತಿದ್ದಾರೆ, ಇಲ್ಲೇನು, ಇನ್ನೂ ಅತ್ತಲಾಗೇನು, ಎಂದು ಕೇಳುತ್ತಾರೆ, ಮರಳ ಮನೆ ಬಿಟ್ಟು ಇಂದು ಕೂಗಿದಳು, ಮಮ್ಮೀ, ವೈ ಅಜ್ಜಿ ಗೋ ಇನ್‌ಸೈಡ್, ಅಜ್ಜಿ ಡೋಂಟ್ ನೋ ಸ್ವಿಮ್ ಲಾ, ಸೂರಜ ಎದ್ದು ಇತ್ತ ನೋಡುತ್ತಿದ್ದಾನೆ, ದೂರ, ಬಹಳ ದೂರ. ಇಲ್ಲೇ ಇರಬೇಕು, ಬಂಡೆಯ ನೇರಕ್ಕೆ ಇದೇ ಜಾಗ, ಅವತ್ತು ಕಣ್ಣು ಬಿಟ್ಟದ್ದು ಇಲ್ಲೇ, ಇವತ್ತು ಇಳಿತವಿದ್ದು ನೀರು ಸೊಂಟಕ್ಕಷ್ಟೇ, ಅವರು ನಿಂತರು, ಒಂದು ಉಸಿರು ತೆಗೆದುಕೊಂಡರು, ಬಗ್ಗಿದರು, ಭುಜದ ತನಕ ಕೈ ನೀರೊಳಗೆ ಇಳಿಸಿ ತಳ ತಡಕಾಡತೊಡಗಿದರು, ಗದ್ದ ನೀರಿಗೆ ತಾಗುತ್ತಿದೆ, ನರೆಗೂದಲ ಗಂಟು ಬಿಚ್ಚಿಕೊಳ್ಳುತ್ತಿದೆ, ಬಗ್ಗಿದ್ದಕ್ಕೆ ರವಿಕೆಯ ಕೊರಳಿಂದ ಏನೋ ಹೊರಗೆ ಜಾರಿತು, ಬೆಳ್ಳಗೆ — ಅತ್ತೀ, ಎದ್ದ ನಿಲ್ರೀ, ಎಂದು ಕೂಗಬೇಕು, ಕೂಗು ಗಂಟಲಿನ ಗಂಟಿಗೆ ಬಂದು ನಿಂತಿತು, ಮುಂದಕ್ಕೆ ಬರಲಿಲ್ಲ, ನಾಲ್ಕು ಮಾರು ದೂರ, ಒಂದು ಕೈಯಲ್ಲಿ ಕಲ್ಲು, ಕಾಲು ಮರಳಲ್ಲಿ ಹೂತಿದೆ, ಬಿಗಿಯಾಗಿದ್ದರೆ ಮುಚ್ಚಳ ಬಿಗಿ, ಸಡಿಲಾದರೆ, ನಿಂಗವ್ವ ಇನ್ನೂ ಬಗ್ಗಿ ಹುಡುಕುತ್ತಲೇ ಇದ್ದಾರೆ, ಹಸಿರು ನೀರು ಸಣ್ಣಗೆ ಏರಿತು, ಇಳಿಯಿತು, ಅವರ ಕೊರಳಿನಿಂದ ಜಾರಿ ನೀರಿನ ಮೇಲೆ ಹರಡಿಕೊಂಡಿದೆ, ಸಡಿಲಾಗಿ, ಒಮ್ಮೆ ಅತ್ತ ಒಮ್ಮೆ ಇತ್ತ, ಬಿಳಿ ದಾರ. ನೀರಿನ ಮೇಲೆ ಬಿಳಿ ದಾರ. ಬಿಳಿ ದಾರ.